ಅರ್ಥಶಾಸ್ತ್ರ ಓದಿದರೆ ಸ್ವಾರ್ಥಿಗಳಾಗುತ್ತೇವೆಯೇ?

ಮಕ್ಕಳು ಬಿ.ಎ.ಗೆ ಅರ್ಥಶಾಸ್ತ್ರ ಆಯ್ದುಕೊಂಡರೆ ನಾವು ಕೇಳುವುದು ಒಂದೇ ಪ್ರಶ್ನೆ: ಕೆಲಸ ಸಿಗುತ್ತದೆಯೇ? ಆ ಓದು ಅವರನ್ನು ಎಂಥ ಮನುಷ್ಯರನ್ನಾಗಿಸುತ್ತದೆ ಎಂದು ನಾವು ಕೇಳುವುದಿಲ್ಲ.

ಮೊದಲ ವರ್ಷದಲ್ಲೇ ವಿದ್ಯಾರ್ಥಿಗೆ 'ವಿವೇಕಿ ಗ್ರಾಹಕ' ಎಂಬವನ ಪರಿಚಯವಾಗುತ್ತದೆ. ಇವನಿಗೆ ಬಂಧುಗಳಿಲ್ಲ, ನೆರೆಹೊರೆಯಿಲ್ಲ. ಇರುವ ಹಣದಲ್ಲಿ ತನಗೆ ಗರಿಷ್ಠ ತೃಪ್ತಿ ಪಡೆಯುವುದೇ ಗುರಿ. ಇದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆ. ಆದರೆ ಮೂರು ವರ್ಷ ಅದನ್ನೇ ಬರೆದು ಅಂಕ ಗಳಿಸಿದವರಿಗೆ ಕಲ್ಪನೆಯೇ ಆದರ್ಶವಾಗಿಬಿಡುವ ಅಪಾಯವಿದೆ.

ಈ ಭಯ ಬರೀ ಊಹೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮಾರ್ವೆಲ್ ಮತ್ತು ಏಮ್ಸ್ 1981ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊಟ್ಟ ಹಣದಲ್ಲಿ ಎಷ್ಟನ್ನು ಎಲ್ಲರಿಗೂ ಲಾಭವಾಗುವ ಸಾಮೂಹಿಕ ನಿಧಿಗೆ ಹಾಕುತ್ತೀರಿ ಎಂಬುದು ಪರೀಕ್ಷೆ. ಇತರರು ಸುಮಾರು ಅರ್ಧದಷ್ಟು ಹಾಕಿದರು. ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಹಾಕಿದ್ದು ಸುಮಾರು ಶೇ. 20 ಮಾತ್ರ. ನ್ಯಾಯವಾದ ಪಾಲು ಯಾವುದೆಂಬ ಪ್ರಶ್ನೆಗೆ ಅವರಲ್ಲಿ ಮೂರನೇ ಒಂದರಷ್ಟು ಮಂದಿಗಿಂತ ಹೆಚ್ಚಿನವರಿಂದ ನೇರ ಉತ್ತರವೇ ಬರಲಿಲ್ಲ. ಓದು ಅವರನ್ನು ಹಾಗೆ ಮಾಡಿತೋ, ಹಾಗಿರುವವರೇ ಆ ಓದನ್ನು ಆರಿಸಿದರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹಾಗಾದರೆ ಈ ಶಾಸ್ತ್ರವನ್ನೇ ದೂರವಿಡೋಣವೇ? ಅದೂ ತಪ್ಪು. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಕರುಣೆಯುಳ್ಳವರು ಗಂಜಿ ಹಂಚಿದರು. ಆದರೆ ಹಸಿದವರನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದ ಅಮರ್ತ್ಯ ಸೇನ್, ಮುಂದೆ ಅರ್ಥಶಾಸ್ತ್ರಜ್ಞರಾಗಿ ಅದರ ಕಾರಣ ಹುಡುಕಿದರು. ಧಾನ್ಯ ಹಿಂದಿನ ವರ್ಷಗಳಿಗಿಂತ ತೀರಾ ಕಡಿಮೆಯೇನೂ ಇರಲಿಲ್ಲ. ಬೆಲೆ ಏರಿದ ವೇಗಕ್ಕೆ ಕೂಲಿ ಏರದೆ, ಕೊಳ್ಳುವ ಶಕ್ತಿಯೇ ಬಡವರ ಕೈತಪ್ಪಿತ್ತು ಎಂದು 1981ರ ಕೃತಿಯಲ್ಲಿ ತೋರಿಸಿದರು. ಲೆಕ್ಕವಿಲ್ಲದ ಕರುಣೆಗೆ ಈ ಸತ್ಯ ಕಾಣುತ್ತಿರಲಿಲ್ಲ. ಕರುಣೆಯಿಲ್ಲದ ಲೆಕ್ಕ ಅದನ್ನು ಹುಡುಕುತ್ತಲೂ ಇರಲಿಲ್ಲ.

ಈ ಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ರಾಷ್ಟ್ರಗಳ ಸಂಪತ್ತಿನ ಕುರಿತ 1776ರ ಗ್ರಂಥಕ್ಕೆ ಮೊದಲೇ, 1759ರಲ್ಲಿ, ಪರರ ನೋವಿಗೆ ಮಿಡಿಯುವ ಮನಸ್ಸಿನ ಬಗ್ಗೆ ಬರೆದಿದ್ದರು. ನಾವು ಎರಡನೆಯದನ್ನು ಪಠ್ಯಕ್ಕೆ ಸೇರಿಸಿಕೊಂಡು ಮೊದಲನೆಯದನ್ನು ಮರೆತೆವು.

ಬೀಡಿ ಕಟ್ಟಿದ ಹಣದಲ್ಲಿ ಮಗಳ ಕಾಲೇಜು ಫೀಸು ಕಟ್ಟುವ ತಾಯಂದಿರು ನಮ್ಮ ಕರಾವಳಿಯಲ್ಲಿದ್ದಾರೆ. ತನ್ನ ಸೀರೆಯ ಆಸೆ ಬಿಟ್ಟು ಮಗಳಿಗೆ ಪುಸ್ತಕ ಕೊಡಿಸುವ ಆ ತಾಯಿ 'ವಿವೇಕಿ ಗ್ರಾಹಕ'ನ ಪಾಠದಲ್ಲಿ ಎಲ್ಲಿದ್ದಾಳೆ? ತರಗತಿಯಲ್ಲಿ ಎದ್ದು ನಿಂತು ಮಗಳು ಈ ಪ್ರಶ್ನೆ ಕೇಳುವಂತಾದರೆ, ಅವಳು ಅರ್ಥಶಾಸ್ತ್ರ ಓದಿದ್ದು ಸಾರ್ಥಕ. ಕೆಲಸದ ಪ್ರಶ್ನೆಯನ್ನು ಆಮೇಲೆ ಕೇಳೋಣ.