ಹೆಸರಾಗದ ಹಾಡಿನ ಋಣ

ಗುಣವಿದ್ದಲ್ಲಿಗೆ ಕೀರ್ತಿಯು ತಾನಾಗಿಯೇ ಬರುವದೆಂದು ನಾನು ಪಾಠಶಾಲೆಯಲ್ಲಿ ಕಲಿತೆನು. ಮುಂದೆ ಮಾಸ್ತರನಾಗಿ ಮಕ್ಕಳಿಗೂ ಅದನ್ನೇ ಕಲಿಸಿದೆನು. ಈ ಮಾತಿನಲ್ಲಿ ಸತ್ಯಾಂಶವೆಷ್ಟೆಂಬ ಸಂಶಯವು ಕಳೆದ ಬೇಸಿಗೆಯಲ್ಲಿ ಸಂಗೊಳ್ಳಿಯ ನಮ್ಮ ಮನೆಯ ಅಟ್ಟವನ್ನು ತೆರವು ಮಾಡುವಾಗ ನನ್ನಲ್ಲಿ ಹುಟ್ಟಿತು. ಅಲ್ಲಿದ್ದ ಸಂದೂಕಿನಲ್ಲಿ ತಂದೆಯವರ ಕಾಲದ ಕೀಲಿ ಕೊಡುವ ಫೋನೋ ಯಂತ್ರವೂ ಅರಗಿನ ಕೆಲವು ಧ್ವನಿಮುದ್ರಿಕೆಗಳೂ ದೊರೆತವು. "ಇವನ್ನು ರದ್ದಿಗೆ ಹಾಕಿಬಿಡೋಣ, ಅಪ್ಪಾ" ಎಂದನು ಮಗ.

ಈ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಒಂದೊಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು. ಕೊಂಡವರಿಗೆ ಹಾಡುಗಳು ಎರಡು ದೊರೆತರೂ ಜನರು ಬೇಡಿ ಕೇಳುತ್ತಿದ್ದುದು ಬಹುಶಃ ಒಂದನ್ನೇ. ಒಂದು ತಟ್ಟೆಯ ಒಂದು ಮಗ್ಗುಲು ಮುಳ್ಳು ಓಡಿ ಓಡಿ ಬೂದುಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಮಗ್ಗುಲು ಕರ್ರಗೆ ಹೊಳೆಯುತ್ತಿತ್ತು. ಆ ಹೊಳಪೇ ಅನಾದರದ ಗುರುತು. ಅದನ್ನು ಹಚ್ಚಿ ಕೇಳಿದೆನು. ಕೀರ್ತಿ ಪಡೆದ ಹಾಡಿಗಿಂತ ಅದು ಯಾವ ಬಗೆಯಿಂದಲೂ ಕಡಿಮೆಯದೆಂದು ನನಗೆ ತೋರಲಿಲ್ಲ.

ಹಾಗಾದರೆ ಕೀರ್ತಿಯನ್ನು ಹಂಚುವವರಾರು? ದೂರದ ಅಮೇರಿಕೆಯಲ್ಲಿ 'ರಾಕ್ ಅಂಡ್ ರೋಲ್' ಎಂಬ ಸಂಗೀತವು ತಲೆಯೆತ್ತುತ್ತಿದ್ದ ಕಾಲದ ಸಂಗತಿಯೊಂದುಂಟು. 1954ರಲ್ಲಿ ಬಿಲ್ ಹೇಲಿ ಎಂಬವನು ಹಾಡಿದ 'ರಾಕ್ ಅರೌಂಡ್ ದಿ ಕ್ಲಾಕ್' ಎಂಬ ಗೀತವು ಬೇರೊಂದು ಹಾಡಿನ ಹಿಂಬದಿಯಲ್ಲಿ ಹೊರಬಂದು, ಮಾರಾಟದ ಯಾದಿಯಲ್ಲಿ ಅಲ್ಪಕಾಲ ತಲೆದೋರಿ ಮರೆಯಾಯಿತು. 1955ರಲ್ಲಿ ಶಾಲೆಯೊಂದರ ಕಥೆಯುಳ್ಳ ಚಲಚ್ಚಿತ್ರದ ಆರಂಭಕ್ಕೆ ಅದನ್ನು ಬಳಸಿದೊಡನೆ ಅದೇ ಹಾಡು ಯಾದಿಯ ಶಿರಃಸ್ಥಾನಕ್ಕೇರಿತು. ಹಾಡಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದುದು ಸನ್ನಿವೇಶವು ಮಾತ್ರ.

ಕೀರ್ತಿಯೇ ಗುಣವನ್ನು ಮುಚ್ಚುವದೂ ಉಂಟು. ನಮ್ಮವರೇ ಆದ ಗಂಗೂಬಾಯಿ ಹಾನಗಲ್ಲರು 1930ರ ದಶಕದ ಮೊದಲಲ್ಲಿ ಹಾಡಿದ ತಟ್ಟೆಗಳು 'ಗಾಂಧಾರಿ ಹುಬಳ್ಳಿ' ಎಂಬ ಹೆಸರಿನಿಂದ ಹೊರಟವು. ಆಗಿನ ಅವರ ಕಂಠವು ತೆಳುವಾದುದು, ಎತ್ತರದ್ದು. ಮುಂದೆ ಗಂಟಲಿನ ಬೇನೆಯ ತರುವಾಯ ಅದು ಗಂಭೀರವಾಯಿತು; ಖ್ಯಾಲಗಾಯನದಲ್ಲಿ ಜಗತ್ತು ಮನ್ನಿಸಿದ್ದು ಈ ಎರಡನೆಯ ಕಂಠವನ್ನೇ. ಮೊದಲಿನ ಲಘುಗೀತಗಳು ಆ ಕೀರ್ತಿಯ ನೆರಳಿನಲ್ಲಿ ಉಳಿದವು.

ಆದರೂ ಜನರು ಮರೆತುದೆಲ್ಲವೂ ರತ್ನವೆಂದು ತಿಳಿಯುವದು ಮತ್ತೊಂದು ಭ್ರಾಂತಿ. ಹಳತು ಹೊಸತೆಂಬ ಭೇದವನ್ನೆಣಿಸದೆ ಪರೀಕ್ಷಿಸಿ ಸ್ವೀಕರಿಸುವ ವಿವೇಕವನ್ನು ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿಯೇ ಸೂಚಿಸಿರುವನು. ನಮ್ಮ ಸಂದೂಕಿನಲ್ಲಿಯೂ ಮರೆತದ್ದೇ ಲೇಸಾಯಿತೆನ್ನಬಹುದಾದ ಹಾಡುಗಳು ಎರಡಿದ್ದವು. ಹಾಗೆನ್ನುವ ಅಧಿಕಾರವಾದರೂ ಅವನ್ನು ಕೊನೆಯವರೆಗೆ ಕೇಳಿದ ಮೇಲೆಯೇ ನನಗೆ ಬಂದಿತು. ಅನಾದೃತವಾದುದಕ್ಕೆ ನಾವು ಸಲ್ಲಿಸಬೇಕಾದ ಋಣವು ಹೊಗಳಿಕೆಯಲ್ಲ, ಶ್ರವಣ. ನಮ್ಮೂರ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಲಾವಣಿಗಳನ್ನು ಉಳಿಸಿದ್ದು ಯಾವ ಯಾದಿಯೂ ಅಲ್ಲ, ಹಾಡುವವರ ಕೊರಳು, ಕೇಳುವವರ ಕಿವಿ.

ಇಷ್ಟು ಬರೆದ ಮೇಲೆ ನನ್ನದೊಂದು ತಪ್ಪನ್ನು ಹೇಳದಿದ್ದರೆ ಈ ಲೇಖನವು ಆತ್ಮವಂಚನೆಯಾದೀತು. ಪರೀಕ್ಷೆಯ ಅಂಕಗಳಿಗೆ 'ಗುಣ'ಗಳೆಂದೇ ಅನ್ನುವ ರೂಢಿ ನಮ್ಮ ಕಡೆಯದು. ಒಂದೇ ಶಬ್ದವಾದುದರಿಂದ ಇವೆರಡನ್ನೂ ಒಂದೇ ಎಂದು ನಾನು ಬಹುಕಾಲ ಎಣಿಸಿದ್ದೆನು. ಒಬ್ಬ ಹುಡುಗನು ಎರಡು ಗುಣಗಳ ಕೊರತೆಯಿಂದ ಅನುತ್ತೀರ್ಣನಾಗಿ ಶಾಲೆ ಬಿಟ್ಟನು. ಅವನ ಉತ್ತರಪತ್ರಿಕೆಯನ್ನು ಮತ್ತೊಂದು ಸಲ ಓದಬೇಕೆಂದು ನನಗೆ ತೋಚಲಿಲ್ಲ. ಓದಿದ್ದರೆ ಆ ಎರಡು ಗುಣಗಳು ಸಿಗುತ್ತಿದ್ದವೋ ಇಲ್ಲವೋ ಹೇಳಲಾರೆ. ಸಿಗದಿದ್ದರೂ ಅವನನ್ನು ಕರೆದು ನಾಲ್ಕು ಮಾತನಾಡಬಹುದಾಗಿತ್ತು. ಆ ಪತ್ರಿಕೆಗಳು ಎಂದೋ ರದ್ದಿಗೆ ಹೋದವು.

ತಟ್ಟೆಗಳನ್ನು ನಾನು ರದ್ದಿಗೆ ಕೊಡಲಿಲ್ಲ. ತಮ್ಮ ಮನೆಗಳಲ್ಲಿಯೂ ಇಂಥವು ಇದ್ದಾವು. ಹೊರಗೆ ಹಾಕುವ ಮುನ್ನ ಒಮ್ಮೆ ಮಗುಚಿ ಹಚ್ಚಿ ಕೇಳಿರಿ. ಹಾಡಿನ ವಿಷಯದಲ್ಲಿ ಇದಕ್ಕೆ ಇನ್ನೂ ಅವಕಾಶವುಂಟು. ಮನುಷ್ಯರ ವಿಷಯದಲ್ಲಿ ಆ ಅವಕಾಶವು ಬಹುಕಾಲ ಕಾದಿರುವದಿಲ್ಲ.