ಅವ್ವನ ಮಾತು, ನನ್ನ ಬಾಯಿ

ಇವತ್ತಿನ ಚಿಂತನೆಯ ಸರದಿ ನನ್ನದು.

ಕಳೆದ ಭಾನುವಾರ ಮಹಾಪರಿನಿಬ್ಬಾಣ ಸುತ್ತದಲ್ಲಿ ಆನಂದ ನೀರು ತರುವ ಭಾಗ ಓದುವಾಗ ನಾನು ಒಂದು ಮಾತೂ ಆಡಲಿಲ್ಲ. ಯಾಕೆ ಸುಮ್ಮನಿದ್ದಿರಿ ಎಂದು ಆಮೇಲೆ ಒಬ್ಬರು ಕೇಳಿದರು. ಹೇಳುವುದಿತ್ತು, ಆದರೆ ಎಲ್ಲರ ಮುಂದೆ ಬಾಯಿ ಬರಲಿಲ್ಲ. ಸ್ವಲ್ಪ ಉದ್ದವಾಗಿದೆ, ಪುರುಸೊತ್ತಿನಲ್ಲಿ ಓದಿ.

ಅವತ್ತು ಬರದವರಿಗಾಗಿ ಆ ಭಾಗ ಇಷ್ಟು. ಭಗವಾನರಿಗೆ ಎಂಬತ್ತು ವರ್ಷ. ಚುಂದನ ಮನೆಯಲ್ಲಿ ಊಟ ಮಾಡಿದ ಮೇಲೆ ಕಾಯಿಲೆ ಬಿದ್ದು, ಆ ಸ್ಥಿತಿಯಲ್ಲೇ ಕುಸಿನಾರಾ ಕಡೆಗೆ ನಡೆಯುತ್ತಿದ್ದಾರೆ. ದಾರಿಯಲ್ಲಿ ದಣಿವಾಗಿ ಒಂದು ಮರದ ಕೆಳಗೆ ಕೂರುತ್ತಾರೆ. ನೀರು ತಾ ಆನಂದ, ಬಾಯಾರಿಕೆಯಾಗಿದೆ ಎನ್ನುತ್ತಾರೆ. ಆನಂದ ತರುವುದಿಲ್ಲ. ಈಗ ತಾನೇ ಐನೂರು ಗಾಡಿಗಳು ಹಳ್ಳ ದಾಟಿ ಹೋಗಿವೆ, ನೀರು ಕದಡಿ ಕೆಸರಾಗಿದೆ, ಕಕುತ್ಥಾ ನದಿ ಹತ್ತಿರದಲ್ಲೇ ಇದೆ, ಅಲ್ಲಿ ತಿಳಿಯಾದ ತಣ್ಣನೆಯ ನೀರು ಸಿಗುತ್ತದೆ ಎನ್ನುತ್ತಾನೆ. ಅವರು ಎರಡನೇ ಸಲ ಕೇಳುತ್ತಾರೆ, ಅದೇ ಉತ್ತರ. ಮೂರನೇ ಸಲ ಕೇಳಿದಾಗ ಪಾತ್ರೆ ಹಿಡಿದು ಹೋಗುತ್ತಾನೆ. ನೀರು ತಿಳಿಯಾಗಿ ಹರಿಯುತ್ತಿರುತ್ತದೆ.

ಇದನ್ನು ಓದಿದವರೆಲ್ಲ ನೀರು ತಿಳಿಯಾದ ಅಚ್ಚರಿಯ ಬಗ್ಗೆ ಮಾತಾಡುತ್ತಾರೆ. ನನಗೆ ಆ ಮೊದಲ ಎರಡು ಉತ್ತರಗಳೇ ಮನಸ್ಸಿನಲ್ಲಿ ಕೂತುಬಿಟ್ಟಿವೆ. ಆನಂದ ಸುಳ್ಳು ಹೇಳಲಿಲ್ಲ, ಸೋಮಾರಿತನ ಮಾಡಲಿಲ್ಲ. ಅವನು ಕೊಟ್ಟ ಕಾರಣಗಳೆಲ್ಲ ನಿಜ, ಎಲ್ಲವೂ ಆ ಮುದಿ ಜೀವದ ಒಳ್ಳೆಯದಕ್ಕೇ. ಆದರೂ ಬಾಯಾರಿದವರಿಗೆ ನೀರು ಸಿಗಲಿಲ್ಲ.

ಎರಡು ವರ್ಷದ ಹಿಂದೆ ಅವ್ವನನ್ನು ಕರೆದುಕೊಂಡು ಅಮೆರಿಕಕ್ಕೆ ತಮ್ಮನ ಮನೆಗೆ ಹೋಗಿದ್ದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅವನ ಮನೆ. ಅವ್ವನಿಗೆ ಆಗ ಎಪ್ಪತ್ತೇಳು. ಕೊಳ್ಳೇಗಾಲದ ಹತ್ತಿರ ನಮ್ಮ ಊರು. ಅಲ್ಲಿಂದ ಅವಳು ಅಲ್ಲಿಯವರೆಗೆ ಹೋಗಿದ್ದ ಅತಿ ದೂರದ ಜಾಗ ನಾಗಪುರದ ದೀಕ್ಷಾಭೂಮಿ.

ಅಂಗುತ್ತರ ನಿಕಾಯದಲ್ಲಿ ಒಂದು ಮಾತಿದೆಯಲ್ಲ, ತಾಯಿಯನ್ನು ಒಂದು ಹೆಗಲ ಮೇಲೆ, ತಂದೆಯನ್ನು ಇನ್ನೊಂದು ಹೆಗಲ ಮೇಲೆ ಹೊತ್ತು ನೂರು ವರ್ಷ ಸೇವೆ ಮಾಡಿದರೂ ಋಣ ತೀರುವುದಿಲ್ಲ ಎಂದು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಟವಳು ನಾನು. ಪಾಸ್‌ಪೋರ್ಟು, ವೀಸಾ, ವಿಮೆ, ಮಾತ್ರೆ ಡಬ್ಬಿ, ರಾಗಿ ಹಿಟ್ಟು ಎಲ್ಲವೂ ನನ್ನ ಕೈಯಲ್ಲೇ. ಅವ್ವನ ಕೈಯಲ್ಲಿ ಒಂದು ಸಣ್ಣ ಚೀಲ, ಅದರಲ್ಲಿ ಎಲೆ ಅಡಿಕೆ. ಹೊತ್ತುಕೊಂಡು ಹೋಗುವವರಿಗೆ ಒಂದು ಸಂಗತಿ ಬೇಗ ಮರೆತುಹೋಗುತ್ತದೆ. ಹೆಗಲ ಮೇಲೆ ಕೂತವರಿಗೆ ದಾರಿ ತಿರುಗಿಸುವ ಅಧಿಕಾರ ಇರುವುದಿಲ್ಲ.

ವಿಮಾನದಲ್ಲಿ ಅವ್ವ ನೀರು ಕುಡಿಯಲು ಒಪ್ಪಲಿಲ್ಲ. ಕುಡಿದರೆ ಎದ್ದು ಹೋಗಬೇಕು, ಆ ಸಣ್ಣ ಗೂಡಿನೊಳಗೆ ಬಾಗಿಲು ಹಾಕಿಕೊಂಡರೆ ತೆಗೆಯಲು ಬಾರದೇ ಹೋದರೆ ಎಂಬ ಭಯ. ದೋಹಾದಿಂದ ನ್ಯೂಯಾರ್ಕಿಗೆ ಹದಿನಾಲ್ಕು ಗಂಟೆಯ ಹಾದಿ. ಕಾಲು ಊದಿಕೊಳ್ಳುತ್ತದೆ, ಬಿಪಿ ಮಾತ್ರೆ ಬೇರೆ ನುಂಗಬೇಕು. ಜಗಳವಾಡಿದೆ. ಬಾಗಿಲ ಹೊರಗೆ ನಾನೇ ನಿಲ್ಲುತ್ತೇನೆ ಎಂದೆ. ಬೈದುಕೊಂಡೇ ಕುಡಿದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು ಎಂದು ನಾನು ವಾದ ಮಾಡುತ್ತಿಲ್ಲ. ಆ ಜಗಳದ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ. ಅವಳ ಮುಖ ನೋಡಿ ಬೇಡ ಅಂದೆ, ಅವಳೂ ನನ್ನ ಮುಖ ನೋಡಿ ಬೈದಳು. ಬೇಸರ ಇರುವುದು ಮುಂದಿನದರ ಬಗ್ಗೆ.

ಕೆನಡಿ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಅಧಿಕಾರಿ ಅವ್ವನ ಬೆರಳಚ್ಚು ಕೇಳಿದ. ಬರಲಿಲ್ಲ. ಎಷ್ಟೋ ವರ್ಷ ಬಿಸಿನೀರಲ್ಲಿ ಕೈ ಅದ್ದಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದ ಬೆರಳುಗಳು, ಗೆರೆಗಳೆಲ್ಲ ಸವೆದುಹೋಗಿವೆ. ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅವಳ ಹೆಬ್ಬೆಟ್ಟು ಒಂದೇ ಸಲಕ್ಕೆ ಬರುವುದಿಲ್ಲ. ಅಲ್ಲಿ ಮಾಡುವ ಹಾಗೆಯೇ ಇಲ್ಲೂ ಹೆಬ್ಬೆರಳನ್ನು ತಲೆಗೂದಲಿಗೆ ಉಜ್ಜಿಕೊಂಡು ಮತ್ತೆ ಇಟ್ಟಳು. ಬಂತು. ಅಧಿಕಾರಿ ನಕ್ಕ, ಒಳ್ಳೆಯವನೇ. ಎಷ್ಟು ದಿನ ಇರುತ್ತೀರಿ ಎಂದು ಅವಳನ್ನೇ ನೋಡಿ ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಅಂದಳು: "ಮಗನ ಮಕ ನೋಡ್ಬುಟ್ಟು ಬಂದ್ಬುಡದು. ಇನ್ನೇನದೆ?"

ನಾನು ಇಂಗ್ಲಿಷಿನಲ್ಲಿ "ಮೂರು ತಿಂಗಳು" ಎಂದೆ.

ಸುಳ್ಳಲ್ಲ. ಟಿಕೆಟ್ಟು ಇದ್ದದ್ದು ಮೂರು ತಿಂಗಳಿಗೇ. ಅಲ್ಲಿ ನಿಂತು ಅವ್ವನ ಮಾತನ್ನು ಇದ್ದ ಹಾಗೇ ಹೇಳಿದ್ದರೆ ಆ ಮನುಷ್ಯನಿಗೆ ಅರ್ಥವೂ ಆಗುತ್ತಿರಲಿಲ್ಲ. ಪಂಚಶೀಲದ ನಾಲ್ಕನೆಯದನ್ನು ಮುರಿದೆನೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಆದರೆ ಅವಳು ಕೊಟ್ಟ ಉತ್ತರ ಅಲ್ಲಿ ಯಾರ ಕಿವಿಗೂ ಬೀಳಲಿಲ್ಲ, ನನ್ನ ಕಿವಿಗೂ.

ಎರಡು ವಾರ ಚೆನ್ನಾಗಿಯೇ ಕಳೆಯಿತು. ತಮ್ಮ ರಜೆ ಹಾಕಿದ್ದ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದ. ಅವ್ವನಿಗೆ ಮೆಟ್ಟಿಲು ಹತ್ತಲಾಗದು ಎಂದು ಗಂಡ ಹೆಂಡತಿ ತಾವು ಮಹಡಿಗೆ ಹೋಗಿ ಕೆಳಗಿನ ಕೋಣೆ ಬಿಟ್ಟುಕೊಟ್ಟಿದ್ದರು. ಮೂರನೇ ವಾರ ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಅವ್ವ ಪಕ್ಕದಲ್ಲಿ ಬಂದು ನಿಂತು, "ಊರ್ಗೋಗ್ಬುಡಾನ ಕನವ್ವ" ಅಂದಳು. ಟಿಕೆಟ್ ಬದಲಾಯಿಸಿದರೆ ದುಡ್ಡು ಕಟ್ಟಬೇಕು, ಮೊಮ್ಮಗಳ ಹುಟ್ಟುಹಬ್ಬ ಬರ್ತಾ ಇದೆ, ಚಳಿಯೂ ಕಡಿಮೆಯಾಗ್ತಾ ಇದೆ ಎಂದೆ. ಎಲ್ಲವೂ ನಿಜ. ಐನೂರು ಗಾಡಿಗಳು.

ಅದೇ ರಾತ್ರಿ ತಮ್ಮ ಕೇಳಿದ, "ಅಕ್ಕ, ಅವ್ವನಿಗೆ ಇಲ್ಲಿ ಹಿಡಿಸಿದೆಯಾ?" "ಹ್ಞೂಂ, ಆರಾಮಾಗಿದ್ದಾಳೆ" ಎಂದೆ. ಇಂಗ್ಲಿಷ್ ಬಾರದ ತಾಯಿಗೆ ದುಭಾಷಿಯಾಗಿ ಬಂದವಳು ಕನ್ನಡದಿಂದ ಕನ್ನಡಕ್ಕೇ ತಪ್ಪು ತರ್ಜುಮೆ ಮಾಡಿದೆ. ಇದಕ್ಕೆ ನಾಲ್ಕನೇ ಶೀಲದಲ್ಲಿ ತಪ್ಪಿಸಿಕೊಳ್ಳುವ ಸಂದಿಯಿಲ್ಲ. ತಮ್ಮನಿಗೆ ನೋವಾಗಬಾರದು ಎಂದುಕೊಂಡಿದ್ದೆ. ಆ ಮಾತು ಯಾರದು, ಯಾರಿಗೆ ಹೇಳಬೇಕಾದ್ದು ಎಂದು ಯೋಚಿಸಲಿಲ್ಲ.

ಅವ್ವನೂ ಕಡಿಮೆಯವಳಲ್ಲ. ಮಗ ಕೇಳಿದಾಗಲೆಲ್ಲ "ಚೆಂದಾಗದೆ ಕನಪ್ಪ" ಎನ್ನುತ್ತಿದ್ದಳು. ನಮ್ಮ ತಾಯಂದಿರು ಹೀಗೆಯೇ. ಬೇಕಾದ್ದನ್ನು ಮಗಳ ಕಿವಿಗೆ ಹಾಕುತ್ತಾರೆ, ಮಗನಿಗೆ ಅದು ಮಗಳ ಬಾಯಿಂದಲೇ ತಲುಪಬೇಕು. ಆ ದಾರಿಯನ್ನು ನಾನು ಮುಚ್ಚಿದ್ದೆ.

ಎರಡನೇ ಸಲ ಹೊರಗೆ ನಡೆಯುವಾಗ ಹೇಳಿದಳು. ಅದೇ ಉತ್ತರ ಕೊಟ್ಟೆ. ಮೂರನೇ ಸಲ ನನಗೆ ಹೇಳಲೇ ಇಲ್ಲ. ಎಂಟು ವರ್ಷದ ಮೊಮ್ಮಗಳಿಗೆ ಹೇಳಿದ್ದಾಳೆ. ಆ ಮಗುವಿಗೆ ಬರುವ ಕನ್ನಡ ಒಂದು ಹಿಡಿಯಷ್ಟು. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿತು: "ಅಜ್ಜಿಗೆ ಮನೆ ಬೇಕಂತೆ."

ತಮ್ಮ ತಟ್ಟೆ ಬಿಟ್ಟು ಎದ್ದು ಹೋದ. ಹೊರಗೆ ಕಾರಿನ ಹತ್ತಿರ ಬಹಳ ಹೊತ್ತು ನಿಂತಿದ್ದ. ನಾನು ಹೋದಾಗ, "ನಿನಗೆ ಗೊತ್ತಿತ್ತಾ?" ಎಂದ. ಗೊತ್ತಿತ್ತು ಎಂದೆ. ಆಮೇಲೆ ಅವನು ನನ್ನ ಹತ್ತಿರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವ್ವ ಹೋಗಬೇಕು ಅಂದದ್ದಕ್ಕಿಂತ, ನಾನು ಮುಚ್ಚಿಟ್ಟದ್ದು ಅವನಿಗೆ ಹೆಚ್ಚು ನೋವಾಗಿತ್ತು.

ಆ ರಾತ್ರಿ ಒಳಗೆ ಬಂದವನು ಅವ್ವನ ಮಂಚದ ಮೇಲೆ ಕೂತು, ಯಾಕವ್ವ, ಏನು ಕಮ್ಮಿಯಾಯ್ತು ಎಂದು ಕೇಳಿದ. ಒಂಟಿತನ, ಚಳಿ, ಮಾತಾಡಲು ಜನ ಇಲ್ಲ ಎನ್ನುತ್ತಾಳೆ ಎಂದು ನಾನು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವಳು ಅದ್ಯಾವುದನ್ನೂ ಹೇಳಲಿಲ್ಲ. "ಇಲ್ಲಿ ನನ್ ಜೀವ ಹೋದ್ರೆ ಎಲ್ಲಿ ಮಡುಗ್ತೀರಿ?" ಅಂದಳು. ಊರಲ್ಲಿ ಅಪ್ಪನ ಗುಂಡಿಯ ಪಕ್ಕದಲ್ಲಿ ಅವಳಿಗೆ ಜಾಗ ಇದೆ. ಬಂದ ದಿನದಿಂದ ಅವಳ ತಲೆಯಲ್ಲಿ ಇದ್ದದ್ದು ಅದೊಂದೇ.

ನಾನು "ಬಿಡ್ತು ಅನ್ನವ್ವ, ಏನ್ ಮಾತು ಅಂತ ಆಡ್ತೀಯ" ಎಂದುಬಿಟ್ಟೆ. ನಮ್ಮ ಗುಂಪಿನಲ್ಲಿ ಪ್ರತಿ ಹುಣ್ಣಿಮೆಗೆ ಮರಣಾನುಸ್ಸತಿ ಓದುವವಳು ನಾನೇ. ಸಾವು ನನಗೂ ತಪ್ಪಿದ್ದಲ್ಲ ಎಂದು ಗಟ್ಟಿಯಾಗಿ ಹೇಳಿಸುವವಳೂ ನಾನೇ. ಅವ್ವ ಅದೇ ಮಾತನ್ನು ನಿಜವಾಗಿ ಕೇಳಿದಾಗ ಅಪಶಕುನ ಎಂದು ತಡೆದೆ.

ತಮ್ಮ ತಡೆಯಲಿಲ್ಲ. ಅವನು ಶೀಲ ಸಮಾಧಿ ಎಂದೆಲ್ಲ ಮಾತಾಡುವವನಲ್ಲ. ನೆಟ್ಟಗೆ ಹೇಳಿದ. ಹಾಗಾದರೆ ನಿನ್ನನ್ನು ಊರಿಗೇ ತರುತ್ತೇವೆ ಅವ್ವ. ಇಲ್ಲಿಯ ಮರಣಪತ್ರ ಬೇಕು, ದೇಹ ಕೆಡದ ಹಾಗೆ ಮಾಡಿಸಬೇಕು, ನಮ್ಮ ದೇಶದ ಕಾನ್ಸುಲೇಟಿನವರು ನಿನ್ನ ಪಾಸ್‌ಪೋರ್ಟ್ ರದ್ದು ಮಾಡಿ ಒಪ್ಪಿಗೆ ಪತ್ರ ಕೊಡಬೇಕು. ಕೆಲವು ದಿನ ಹಿಡಿಯುತ್ತದೆ, ಆದರೆ ಆಗದ ಕೆಲಸವಲ್ಲ. ಖರ್ಚಿಗೆ ವಿಮೆ ಇದೆಯಾ ಎಂದು ನನ್ನ ಕಡೆ ತಿರುಗಿದ. ಇತ್ತು. ಪ್ರಯಾಣ ವಿಮೆ ಕೊಳ್ಳುವಾಗ ಪಾರ್ಥಿವ ಶರೀರ ತರಿಸುವ ಕಲಮು ಇದೆಯೇ ಎಂದು ನಾನೇ ನೋಡಿ ಕೊಂಡಿದ್ದೆ. ಆ ಕಾಗದವನ್ನು ಅವ್ವನ ಕಣ್ಣಿಗೆ ಬೀಳದ ಹಾಗೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಅವಳ ಭಯಕ್ಕೆ ಉತ್ತರ ಬೆಂಗಳೂರಿನಿಂದಲೇ ಅವಳ ಜೊತೆ ಬಂದಿತ್ತು, ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. "ವಿಮಾನದಲ್ಲಿ ಎಲ್ಲಿ ಮಡುಗ್ತಾರೆ?" ಅಂದಳು. ಕೆಳಗೆ, ಪೆಟ್ಟಿಗೆ ಸಾಮಾನು ಇಡುವ ಕಡೆ ಅಂದ ತಮ್ಮ. "ಅಂಗಾರೆ ಕಾಲ್ ನೀಡ್ಕಂಡು ಹೋಗ್ಬೈದು" ಅಂದಳು. ತಮ್ಮ ಮೊದಲು ನಕ್ಕ, ಆಮೇಲೆ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ. ನಲವತ್ತೈದು ವರ್ಷದವನು.

ಸುತ್ತದಲ್ಲಿ ಮುಂದೆ ಇನ್ನೊಂದು ಜಾಗವಿದೆ. ಕುಸಿನಾರಾ ತಲುಪಿದ ಮೇಲೆ, ತಮ್ಮ ದೇಹವನ್ನು ನಾವು ಏನು ಮಾಡಬೇಕು ಎಂದು ಆನಂದ ಭಗವಾನರನ್ನೇ ಕೇಳುತ್ತಾನೆ. ಬದುಕಿರುವವರ ಮುಖ ನೋಡಿ ಕೇಳುತ್ತಾನೆ. ಅವರೂ ಅದನ್ನು ಅಪಶಕುನ ಎನ್ನದೆ, ಬಟ್ಟೆ ಸುತ್ತುವುದು ಹೇಗೆ ಎನ್ನುವವರೆಗೆ ಹೇಳುತ್ತಾರೆ. ಅದಾದ ಮೇಲೆ ಅವನು ಹೋಗಿ ಬಾಗಿಲಿಗೆ ಒರಗಿ ಅಳುತ್ತಾನೆ. ಮೊದಲು ಕೇಳಿದ, ಆಮೇಲೆ ಅತ್ತ. ನಾನು ಅಳು ಬರುತ್ತದೆ ಎಂಬ ಭಯಕ್ಕೆ ಕೇಳುವುದನ್ನೇ ಬಿಟ್ಟಿದ್ದೆ.

ಹೆಗಲ ಮೇಲೆ ಹೊರುವ ಆ ಮಾತನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ ಎಂದು ಈಗ ಅನ್ನಿಸುತ್ತದೆ. ಅದರ ಮುಂದಿನ ಭಾಗದಲ್ಲಿ, ತಂದೆತಾಯಿಯನ್ನು ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗಳಲ್ಲಿ ನೆಲೆಗೊಳಿಸಿದರೆ ಋಣ ತೀರುತ್ತದೆ ಎಂದಿದೆ. ಇದನ್ನು ಓದಿದಾಗಲೆಲ್ಲ ನಾವು ಅವರಿಗೆ ಏನೋ ಕಲಿಸಬೇಕು ಎಂದುಕೊಳ್ಳುತ್ತಿದ್ದೆ. ನನ್ನ ಅವ್ವ ಪ್ರಜ್ಞೆಯ ಪ್ರಶ್ನೆಯನ್ನು ಆಗಲೇ ಕೇಳಿಯಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಜೊತೆಗೆ ಕೂತು ಉತ್ತರ ಹೇಳುವವರು. ಇದು ನನ್ನ ಓದು, ಪಂಡಿತರು ಬೇರೆ ಹೇಳಬಹುದು.

ಭಯ ಹೋಯಿತಲ್ಲ, ಇನ್ನು ಇರುತ್ತಾಳೆ ಎಂದು ನಾವಿಬ್ಬರೂ ಆಸೆಪಟ್ಟೆವು. ಅವಳು ಇರಲಿಲ್ಲ. ಮೊಮ್ಮಗಳ ಹುಟ್ಟುಹಬ್ಬ ಮುಗಿಸಿಕೊಂಡು ಹೋಗುತ್ತೇನೆ ಅಂದಳು. ಮಗನಿಗೇ ಹೇಳಿದಳು, ನನಗಲ್ಲ. ಟಿಕೆಟ್ ಬದಲಾಯಿಸಿದ ದುಡ್ಡನ್ನು ತಮ್ಮನೇ ಕಟ್ಟಿದ. ಆರು ವಾರ ಮೊದಲೇ ಹೊರಟೆವು. ಅವನಿಗೆ ಇವತ್ತಿಗೂ ಅದರ ಕೊರಗು ಇದೆ, ಫೋನಿನಲ್ಲಿ ಆಗಾಗ ಆ ಮಾತು ಬರುತ್ತದೆ.

ವಾಪಸು ಬರುವಾಗ ಚೆಕ್‌ಇನ್ ಕೌಂಟರಿನ ಹುಡುಗಿ ಅವ್ವನಿಗೆ ವೀಲ್‌ಚೇರ್ ಬೇಕೇ ಎಂದು ನನ್ನನ್ನು ಕೇಳಿದಳು. ಹೋಗುವಾಗ ನಾನು ಕೇಳದೆಯೇ ಬುಕ್ ಮಾಡಿಸಿದ್ದೆ, ಅವ್ವ ಇಡೀ ದಾರಿ ಅದರಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ಈ ಸಲ ಅವಳ ಕಡೆ ತಿರುಗಿ ಕೇಳಿದೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವ್ವ ಒಂದು ಸಲ ಉದ್ದಕ್ಕಿದ್ದ ಹಾದಿಯನ್ನು ನೋಡಿ, "ತರಿಸು. ಮಂಡಿ ನೋಯ್ತದೆ" ಅಂದಳು.