64 ಮನೆಗಳ ಅಂಕಣ

ಬೆವರು ಕಾಣದಿದ್ದರೆ ಕ್ರೀಡೆಯೇ ಅಲ್ಲ ಎನ್ನುವವರು 1984ರ ಮಾಸ್ಕೋವನ್ನು ನೆನೆಯಲಿ. ಅಲ್ಲಿ ವಿಶ್ವ ಚೆಸ್ ಪಟ್ಟಕ್ಕಾಗಿ ಕಾರ್ಪೋವ್ ಮತ್ತು ಕಾಸ್ಪರೋವ್ ಐದು ತಿಂಗಳು ಎದುರುಬದುರು ಕೂತು 48 ಆಟ ಆಡಿದರು. ಗೆದ್ದವರು ಯಾರೆಂದು ತೀರ್ಮಾನವಾಗುವ ಮೊದಲೇ ಪಂದ್ಯವನ್ನು ನಿಲ್ಲಿಸಲಾಯಿತು. ಕೊಟ್ಟ ಕಾರಣ, ಆಟಗಾರರ ಬಳಲಿಕೆ.

*

ಬಿಲ್ಲುಗಾರ ಅಲುಗದೆ ನಿಲ್ಲುವುದನ್ನು ದೇಹದ ಸಾಧನೆ ಎಂದು ಒಪ್ಪುತ್ತೇವೆ. 2021ರಲ್ಲಿ ದುಬೈನಲ್ಲಿ ಕಾರ್ಲ್‌ಸನ್ ಏಳೂಮುಕ್ಕಾಲು ಗಂಟೆ ಆಡಿ, 136 ನಡೆಗಳಲ್ಲಿ ನೆಪೋಮ್ನಿಯಾಚಿಯನ್ನು ಸೋಲಿಸಿದರು. ಅಷ್ಟು ಹೊತ್ತಾದ ಮೇಲೆ ಬುದ್ಧಿ ತಪ್ಪುವುದು ಮೈ ಸೋತಾಗ.

*

ದಾಳದ ಆಟದಲ್ಲಿ ಸೋತವನಿಗೆ ಅದೃಷ್ಟದ ಮರೆಯಾದರೂ ಇದೆ. ಚೆಸ್ಸಿನಲ್ಲಿ ಸೋಲನ್ನು ಗಾಳಿಯ ಮೇಲೆ, ಮಳೆಯ ಮೇಲೆ, ಜೊತೆಗಾರನ ಮೇಲೆ ಹೊರಿಸುವಂತಿಲ್ಲ. ಸೋತವನೇ ಕೈ ಚಾಚಿ ಸೋತೆ ಎನ್ನಬೇಕು. ಅಷ್ಟು ಗಟ್ಟಿತನ ಬೇಡುವ ಅಂಕಣಗಳು ಬಹಳಿಲ್ಲ.

*

ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಪಟ ಪೂರೈಸುವ ಬಂಧಗಳನ್ನು ರಚಿಸಿದರು. ಅದು ಕಲೆ, ಗಣಿತವೂ ಹೌದು. ಕ್ರೀಡೆಯಲ್ಲ, ಏಕೆಂದರೆ ತಡೆಯುವವರಿಲ್ಲ. ಅದೇ ಕುದುರೆ, ಅವೇ ಮನೆಗಳು. ಎದುರಿಗೊಬ್ಬರು ಕೂತು ಪಕ್ಕದಲ್ಲಿ ಗಡಿಯಾರ ಓಡತೊಡಗಿದರೆ ಎಲ್ಲವೂ ಬೇರೆ.

*

ಜಗಲಿಯಲ್ಲಿ ತಾತ ಮೊಮ್ಮಗಳು ಆಡುವ ಆಟಕ್ಕೆ ಕ್ರೀಡೆಯ ಪಟ್ಟ ಬೇಕಿಲ್ಲ. ಅಲ್ಲಿ ತಪ್ಪು ನಡೆಯನ್ನು ವಾಪಸು ಪಡೆಯಬಹುದು. ಪಂದ್ಯದಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ನನ್ನ ಮಟ್ಟಿಗೆ ಗಡಿ ಇರುವುದು ಇಲ್ಲಿ.

*

ಚೆಸ್ ಕ್ರೀಡೆಯೇ ಎಂಬ ಪ್ರಶ್ನೆಗೆ ಭಾರತ ಬೇಗನೆ ಉತ್ತರ ಕೊಟ್ಟಿತು. 1961ರ ಸಾಲಿನ ಮೊಟ್ಟಮೊದಲ ಅರ್ಜುನ ಪ್ರಶಸ್ತಿಗಳಲ್ಲೇ ಮ್ಯಾನುಯೆಲ್ ಆರನ್ ಹೆಸರಿತ್ತು. ಮೊದಲ ಖೇಲ್‌ರತ್ನ ವಿಶ್ವನಾಥನ್ ಆನಂದ್ ಅವರದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ವಿಶ್ವ ಚೆಸ್ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟದ್ದು 1999ರಲ್ಲಿ. ಪದಕದ ಬಾಗಿಲನ್ನು ಇನ್ನೂ ತೆರೆದಿಲ್ಲ.

*

2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಕೊನೇರು ಹಂಪಿ ಚಿನ್ನ ಗೆದ್ದರು. 2010ರಲ್ಲೂ ಚೆಸ್ ಇತ್ತು. ಆಮೇಲೆ ಎರಡು ಕೂಟಗಳಲ್ಲಿ ಇರಲಿಲ್ಲ, ಹಾಂಗ್‌ಝೌನಲ್ಲಿ ಮರಳಿತು. ಬದಲಾದದ್ದು ಪಟ್ಟಿ, ಆಟವಲ್ಲ.

*

ಇದು ಬರೀ ಹೆಸರಿನ ಜಗಳ ಎಂದು ತಳ್ಳಿಹಾಕುವವರು ಆಡುವ ಮಕ್ಕಳ ಮನೆಯವರನ್ನು ಕೇಳಲಿ. ತರಬೇತುದಾರರ ನೇಮಕ, ಪ್ರಯಾಣದ ಖರ್ಚು, ಕ್ರೀಡಾ ಕೋಟಾದ ಸೀಟು, ಎಲ್ಲವೂ ಆ ಹೆಸರಿಗೇ ಅಂಟಿಕೊಂಡಿವೆ. ಪಂದ್ಯ ಆಡಿ ಬಂದ ಕಬಡ್ಡಿ ಹುಡುಗಿಗೆ ಶಾಲೆ ಹಾಜರಾತಿ ಕೊಡುತ್ತದೆ, ಕೊಡಲೇಬೇಕು. ಅದೇ ವಾರ ಚೆಸ್ ಆಡಿ ಬಂದ ಅವಳ ಗೆಳತಿಗೂ ಕೊಡಲಿ.